ನಡೆದು ಬಂದವರ ಜಾತ್ರೆ

ವರ್ಜೀನಿಯಾ ರಾಜ್ಯದ ನೈರುತ್ಯ ಮೂಲೆಯಲ್ಲಿ, ಟೆನ್ನೆಸ್ಸೀ ಗಡಿಗೆ ತಾಗಿಕೊಂಡು ಡಮಾಸ್ಕಸ್ ಎಂಬ ಊರಿದೆ. 2020ರ ಜನಗಣತಿಯಂತೆ ಅಲ್ಲಿರುವವರು 800 ಮಂದಿಗೂ ಕಡಿಮೆ. ಒಂದು ದೊಡ್ಡ ಬೀದಿ, ಊರೊಳಗೇ ಹರಿಯುವ ಹಳ್ಳ, ನಾಲ್ಕಾರು ಚರ್ಚು, ಸುತ್ತ ದಟ್ಟ ಹಸಿರಿನ ಬೆಟ್ಟ. ಮೇ ತಿಂಗಳ ನಡುವಿನ ಒಂದು ವಾರಾಂತ್ಯಕ್ಕೆ ಈ ಪುಟ್ಟ ಊರಿನಲ್ಲಿ 20 ಸಾವಿರದಷ್ಟು ಜನ ಸೇರುತ್ತಾರೆಂಬುದು ಅಂದಾಜು. ಬಂದವರಲ್ಲಿ ಬಹುಪಾಲು ಒಂದೇ ಕಾಲುದಾರಿಯ ಮಕ್ಕಳು. ಹಿಂದೊಮ್ಮೆ ಅದರಲ್ಲಿ ನಡೆದವರು, ಈಗ ನಡೆಯುತ್ತಿರುವವರು, ಮುಂದಿನ ವರ್ಷ ನಡೆದೇ ತೀರುತ್ತೇವೆಂದು ಹಣ ಕೂಡಿಡುತ್ತಿರುವವರು. ಆ ದಾರಿ ಅಪಲೇಚಿಯನ್ ಟ್ರೇಲ್. ಆ ಹಬ್ಬ ಟ್ರೇಲ್ ಡೇಸ್.

ಉತ್ತರ ಕೆರೊಲೈನಾದ ಷಾರ್ಲಟ್‌ನಲ್ಲಿರುವ ತಮ್ಮನ ಮನೆಯಿಂದ ಬೆಳಿಗ್ಗೆ ಹೊರಟು, ಬೂನ್ ಪಟ್ಟಣ ಹಾಯ್ದು, ಬೆಟ್ಟದ ತಿರುವುಗಳಲ್ಲಿ ಏರಿಳಿದು ನಾವು ಅಲ್ಲಿಗೆ ಹೋದದ್ದು 2025ರ ಮೇ ತಿಂಗಳಲ್ಲಿ. ಊರು ಇನ್ನೂ ಎರಡು ಮೈಲಿ ಇರುವಾಗಲೇ ರಸ್ತೆಯ ಅಂಚಿನಲ್ಲಿ ಬೆನ್ನಿಗೆ ಚೀಲ ಕಟ್ಟಿ ಹೆಬ್ಬೆರಳು ಚಾಚಿ ನಿಂತವರು ಕಂಡರು. ಗಡ್ಡ ಬೆಳೆದ ಹುಡುಗರು, ಬಿಸಿಲಿಗೆ ಮೂಗು ಸುಲಿದ ಹುಡುಗಿಯರು, ಅವರ ಅಜ್ಜನ ವಯಸ್ಸಿನ ಒಬ್ಬರು. ಮೂವರನ್ನು ಹತ್ತಿಸಿಕೊಂಡೆವು. ಕಾರಿನ ಕಿಟಕಿಗಳನ್ನು ಅವರೇ ಇಳಿಸಿದರು. ಸ್ನಾನ ಮಾಡಿ ಎಷ್ಟೋ ದಿನವಾಗಿದೆ, ಕ್ಷಮಿಸಿ ಎಂದರು.

ಈ ದಾರಿಯ ಅಳತೆಯನ್ನು ಮೊದಲು ಹೇಳಿಬಿಡಬೇಕು. ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಉತ್ತರದ ತುದಿಯ ಮೇನ್ ರಾಜ್ಯದ ಕಟಾಡಿನ್ ಬೆಟ್ಟದವರೆಗೆ, 14 ರಾಜ್ಯಗಳನ್ನು ಹಾದು, ಸುಮಾರು 3,500 ಕಿಲೋಮೀಟರ್. ಪೂರ್ತಿ ನಡೆಯಲು ಐದರಿಂದ ಏಳು ತಿಂಗಳು ಬೇಕು. ಒಂದೇ ಋತುವಿನಲ್ಲಿ ಆ ತುದಿಯಿಂದ ಈ ತುದಿ ಮುಟ್ಟಬೇಕೆಂದು ಹೊರಟವರಲ್ಲಿ ನಾಲ್ವರಿಗೊಬ್ಬರು ಮುಟ್ಟುತ್ತಾರೆ. ಮಾರ್ಚ್ ಹೊತ್ತಿಗೆ ದಕ್ಷಿಣದಲ್ಲಿ ಹೆಜ್ಜೆ ಇಟ್ಟವರು ಸುಮಾರು 750 ಕಿಲೋಮೀಟರ್ ಸವೆಸಿ ಡಮಾಸ್ಕಸ್‌ಗೆ ಬರುವಷ್ಟರಲ್ಲಿ ವಸಂತ ಹರಡಿಕೊಂಡಿರುತ್ತದೆ. ಕಾಲು ಗಟ್ಟಿಯಾಗಿರುತ್ತದೆ, ಚೀಲದಲ್ಲಿದ್ದ ಅನಗತ್ಯ ಸಾಮಾನೆಲ್ಲ ಬಿಟ್ಟುಹೋಗಿರುತ್ತದೆ, ಜೊತೆಗೆ ಹೊರಟವರಲ್ಲಿ ಎಷ್ಟೋ ಜನ ಮನೆಗೆ ಮರಳಿರುತ್ತಾರೆ. ಹಬ್ಬದ ದಿನಕ್ಕೆ ಬೇಗ ನಡೆಯುವವರು ನೂರಾರು ಮೈಲಿ ಮುಂದಿರುತ್ತಾರೆ, ನಿಧಾನದವರು ಇನ್ನೂ ಟೆನ್ನೆಸ್ಸೀಯಲ್ಲಿರುತ್ತಾರೆ. ಇಬ್ಬರೂ ಯಾರದೋ ಗಾಡಿ ಹತ್ತಿ ಇಲ್ಲಿಗೆ ಬರುತ್ತಾರೆ. ಹಬ್ಬ ಮುಗಿದ ಮೇಲೆ ಮತ್ತೆ ಯಾರದೋ ಗಾಡಿ ಹತ್ತಿ ತಾವು ಬಿಟ್ಟ ಜಾಗಕ್ಕೇ ಮರಳಿ ಅಲ್ಲಿಂದ ನಡಿಗೆ ಮುಂದುವರಿಸುತ್ತಾರೆ. ಒಂದು ಫರ್ಲಾಂಗ್ ಬಿಟ್ಟುಹೋದರೂ ಅವರಿಗೆ ಸಮಾಧಾನವಿಲ್ಲ.

ದಾರಿಗೆ ಗುರುತು ಎಂದರೆ ಮರಗಳ ಮೇಲೆ ಬಳಿದ ಬಿಳಿ ಪಟ್ಟಿ, ಎರಡಂಗುಲ ಅಗಲ, ಆರಂಗುಲ ಉದ್ದ. ಕಾಡಿನಿಂದ ಇಳಿದ ಆ ಪಟ್ಟಿಗಳು ಡಮಾಸ್ಕಸ್‌ನ ಮುಖ್ಯ ಬೀದಿ ಲಾರೆಲ್ ಅವೆನ್ಯೂನ ಕಂಬಗಳ ಮೇಲೆ ಸಾಗಿ, ಊರಾಚೆ ಮತ್ತೆ ಕಾಡು ಸೇರುತ್ತವೆ. ಅಂಗಡಿಯ ಮುಂದೆ, ಕೆಫೆಯ ಮುಂದೆ, ಊರವರ ಮನೆಯಂಗಳದ ಬೇಲಿಯ ಪಕ್ಕದಲ್ಲೇ ಈ ಮಹಾಮಾರ್ಗ ಹಾದುಹೋಗುತ್ತದೆ.

ಊರಿಗೆ ಈ ಭಾಗ್ಯ ಸುಮ್ಮನೆ ಬಂದದ್ದಲ್ಲ. ಮಾಕ್ಸ್ ಮಿಲ್ ಎಂದಿದ್ದ ಹಳ್ಳಿಯನ್ನು ಡಮಾಸ್ಕಸ್ ಎಂದು ಕರೆಯಿಸಿದವನು ಅಂತರ್ಯುದ್ಧದಲ್ಲಿ ದಕ್ಷಿಣದ ಪರ ಹೋರಾಡಿದ ಜನರಲ್ ಜಾನ್ ಇಂಬೋಡನ್. ಸುತ್ತಲ ಬೆಟ್ಟಗಳಲ್ಲಿ ಕಬ್ಬಿಣವಿದೆ, ಸಿರಿಯಾದ ಡಮಾಸ್ಕಸ್‌ನಂತೆ ಇದೂ ಉಕ್ಕಿನ ನಗರವಾಗುತ್ತದೆ ಎಂಬುದು ಅವನ ಆಸೆ. ಅದಿರು ಮೇಲುಮೇಲೇ ಇತ್ತು, ಆಳದಲ್ಲಿ ಏನೂ ಸಿಗಲಿಲ್ಲ. ಆಮೇಲೆ ರೈಲು ಬಂತು, ಮರದ ವ್ಯಾಪಾರ ಬಂತು. ಬೆಟ್ಟಗಳ ಹಳೆಯ ಕಾಡೆಲ್ಲ ದಿಮ್ಮಿಗಳಾಗಿ ಇಳಿದುಹೋಯಿತು. ಕಡಿಯಲು ಮರ ಮುಗಿದಾಗ ಆ ಸಂಪಾದನೆಯೂ ಮುಗಿಯಿತು. 1977ರಲ್ಲಿ ಕೊನೆಯ ರೈಲು ಓಡಿತು. ಹಳಿ ಕಿತ್ತ ಜಾಗದಲ್ಲಿ ಸೈಕಲ್ಲಿಗೂ ಕಾಲ್ನಡಿಗೆಗೂ ಯೋಗ್ಯವಾದ 34 ಮೈಲಿಯ ವರ್ಜೀನಿಯಾ ಕ್ರೀಪರ್ ಟ್ರೇಲ್ ಮಾಡಿದರು. ಕಬ್ಬಿಣ, ಮರ, ರೈಲು ಮೂರೂ ಕೈಕೊಟ್ಟ ಊರಿಗೆ ಅನ್ನ ಕೊಟ್ಟದ್ದು ನಡೆದು ಬಂದವರು ಮತ್ತು ಸೈಕಲ್ ತುಳಿದು ಬಂದವರು.

1937ರಲ್ಲಿ ಅಪಲೇಚಿಯನ್ ಟ್ರೇಲ್ ಪೂರ್ಣಗೊಂಡಿತ್ತು. ಅದರ 50ನೇ ವರ್ಷದ ನೆನಪಿಗೆ 1987ರಲ್ಲಿ ಊರವರು ಮೊದಲ ಟ್ರೇಲ್ ಡೇಸ್ ನಡೆಸಿದರು. ಕೋವಿಡ್ ಕಾಲದಲ್ಲಿ ನಿಂತದ್ದು ಬಿಟ್ಟರೆ ಅದು ನಡೆದೇ ಬಂದಿದೆ.

ನಾವು ಹೋದಾಗ ಪಾರ್ಕಿನಲ್ಲಿ ಸಾಲುಸಾಲು ಡೇರೆಗಳು. ಟೆಂಟು, ಚೀಲ, ಬೂಟು, ಮಲಗುವ ಚೀಲ, ಒಲೆ ಮಾಡುವ ಕಂಪನಿಗಳೆಲ್ಲ ಬಂದಿದ್ದವು. ಮಾರಾಟದ ಗದ್ದಲ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಆದರೆ ಇದೇ ಕಂಪನಿಗಳವರು ಅಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಹರಿದ ಸಾಮಾನನ್ನು ಕಾಸು ಕೇಳದೆ ರಿಪೇರಿ ಮಾಡಿಕೊಡುವುದನ್ನು ಕಂಡಾಗ ಮನಸ್ಸು ತಿಳಿಯಾಯಿತು. ಒಬ್ಬ ಹುಡುಗನ ಚೀಲದ ಭುಜಪಟ್ಟಿ ಬುಡದಲ್ಲೇ ಕಿತ್ತಿತ್ತು. ಹಗ್ಗದಲ್ಲಿ ಬಿಗಿದುಕೊಂಡು ವಾರವಿಡೀ ನಡೆದಿದ್ದನಂತೆ. ಯಂತ್ರದ ಮುಂದೆ ಕೂತ ಹೆಂಗಸು ಆ ಪಟ್ಟಿಯನ್ನು ತಿರುಗಿಸಿ ನೋಡಿದರು. ಉಪ್ಪುಗಟ್ಟಿ ಬಿಳಿಯಾಗಿದ್ದ ಬಟ್ಟೆಯನ್ನು ಉಜ್ಜಿ, ಹಳೆಯ ದಾರ ಬಿಚ್ಚಿ, ಒಳಗೊಂದು ತುಂಡು ಕ್ಯಾನ್ವಾಸ್ ಕೊಟ್ಟು, ಅಡ್ಡಡ್ಡಲಾಗಿ ನಾಲ್ಕೈದು ಸಲ ಹೊಲಿಗೆ ಹಾಕಿದರು. ಆಮೇಲೆ ತಮ್ಮ ಇಡೀ ಭಾರ ಬಿಟ್ಟು ಜಗ್ಗಿ ನೋಡಿದರು. ಹುಡುಗ ಅದನ್ನು ಹೆಗಲಿಗೇರಿಸಿ, ಅಲ್ಲೇ ಎರಡು ಸಲ ಎಗರಿ, ಅವರ ಕೈ ಹಿಡಿದುಕೊಂಡು ಮಾತಿಲ್ಲದೆ ನಿಂತ. ಅವನ ಮುಂದೆ ಇನ್ನೂ 2,700 ಕಿಲೋಮೀಟರ್ ಬಾಕಿ ಇತ್ತು.

ಅಲ್ಲಿಂದ ಸ್ವಲ್ಪ ದೂರದಲ್ಲಿ, ಚರ್ಚಿನವರು ಹಾಕಿದ್ದ ಡೇರೆಯಲ್ಲಿ ಕಂಡದ್ದನ್ನು ನಾನು ಬಹುಕಾಲ ಮರೆಯಲಾರೆ. ಮಡಚುವ ಕುರ್ಚಿಗಳ ಸಾಲು, ಪ್ರತಿ ಕುರ್ಚಿಯ ಮುಂದೆ ಬಿಸಿನೀರಿನ ಬೋಗುಣಿ. ಕುರ್ಚಿಯಲ್ಲಿ ನಡೆದು ಬಂದವರು, ನೆಲದಲ್ಲಿ ಮಂಡಿಯೂರಿ ಊರಿನ ಹಿರಿಯರು. ಅವರು ಕಾಲು ತೊಳೆಯುತ್ತಿದ್ದರು. ಬೊಕ್ಕೆಯೆದ್ದು ಒಡೆದ ಹಿಮ್ಮಡಿ, ಕಪ್ಪಾಗಿ ಬಿದ್ದುಹೋಗುವಂತಿದ್ದ ಉಗುರು, ಬೂಟಿನೊಳಗೇ ಬೆಂದು ಬೆಳ್ಳಗಾದ ಬೆರಳಸಂದಿ. ಎಪ್ಪತ್ತು ದಾಟಿದಂತೆ ಕಂಡ ಒಬ್ಬಾಕೆ ಒಂದು ಪಾದವನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಬೆರಳು ಬೆರಳಿನ ನಡುವೆ ಒರೆಸಿ, ಮುಲಾಮು ಹಚ್ಚಿ, ಹೊಸ ಕಾಲುಚೀಲ ಹಾಕಿದರು. ಪಕ್ಕದಲ್ಲಿ ನರ್ಸೊಬ್ಬರು ಗಾಯಗಳನ್ನು ನೋಡುತ್ತಿದ್ದರು. ಯಾರೂ ಧರ್ಮದ ಮಾತೆತ್ತಲಿಲ್ಲ, ಕಾಣಿಕೆ ಡಬ್ಬಿ ಎಲ್ಲೂ ಕಾಣಲಿಲ್ಲ.

ತಮ್ಮ ನನ್ನ ಮೊಣಕೈ ಹಿಡಿದು, "ಅಣ್ಣಾ, ಶ್ರೀಶೈಲದ ಹಾದಿ ನೆನಪಾತೇನು?" ಅಂದ.

ನೆನಪಾಗದೆ ಇರುತ್ತದೆಯೇ? ನಾವು ಬಾಗಲಕೋಟೆ ಕಡೆಯವರು. ಹೋಳಿ ಹುಣ್ಣಿವೆ ಮುಗಿದು ಯುಗಾದಿ ಹತ್ತಿರ ಬರುತ್ತಿದ್ದಂತೆ ನಮ್ಮ ಸೀಮೆಯಿಂದ ಮಲ್ಲಯ್ಯನ ಪಾದಯಾತ್ರೆ ಹೊರಡುತ್ತದೆ. ಸುಡುವ ಬಿಸಿಲಲ್ಲಿ ನಲ್ಲಮಲ ಕಾಡು ದಾಟಿ ಶ್ರೀಶೈಲ ಮುಟ್ಟುವವರಿಗೆ ದಾರಿಯುದ್ದಕ್ಕೂ ಊರಿನವರು ಮಜ್ಜಿಗೆ ಕೊಡುತ್ತಾರೆ, ರೊಟ್ಟಿ ಬಡಿಸುತ್ತಾರೆ, ರಾತ್ರಿ ಮಲಗಲು ಕಟ್ಟೆ ಗುಡಿಸಿಕೊಡುತ್ತಾರೆ, ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ನಡೆಯುವವನಲ್ಲಿ ಮಲ್ಲಯ್ಯನನ್ನೇ ಕಾಣುವ ಜನ ಅವರು. ಡಮಾಸ್ಕಸ್‌ನ ನಡಿಗೆಗೆ ಯಾವ ದೇವರೂ ಇಲ್ಲ, ತುದಿಯಲ್ಲಿ ಗುಡಿಯಿಲ್ಲ. ಆದರೂ ನಡೆದು ದಣಿದವನ ಪಾದಕ್ಕೆ ಕೈಹಚ್ಚುವ ಭಾವ ಅದೇ. ಇದನ್ನು ಪ್ರವಾಸೋದ್ಯಮ ಎಂದು ಕರೆದು ಮುಗಿಸಲು ನನಗೆ ಮನಸ್ಸು ಬರುವುದಿಲ್ಲ.

ಈ ದಾರಿಯಲ್ಲಿ ಇಂಥ ಉಪಕಾರಕ್ಕೆ ಟ್ರೇಲ್ ಮ್ಯಾಜಿಕ್ ಎನ್ನುತ್ತಾರೆ, ಮಾಡುವವರಿಗೆ ಟ್ರೇಲ್ ಏಂಜೆಲ್ ಎನ್ನುತ್ತಾರೆ. ರಸ್ತೆ ಅಡ್ಡ ಬರುವಲ್ಲಿ ಯಾರೋ ಒಂದು ಪೆಟ್ಟಿಗೆ ತಂಪು ಪಾನೀಯ ಇಟ್ಟುಹೋಗಿರುತ್ತಾರೆ, ಯಾರೋ ಮನೆಗೆ ಕರೆದು ಬಟ್ಟೆ ಒಗೆಯಲು ಬಿಡುತ್ತಾರೆ. ಡಮಾಸ್ಕಸ್‌ನ ಮೆಥಡಿಸ್ಟ್ ಚರ್ಚಿನವರು ದಶಕಗಳ ಕಾಲ ದಿ ಪ್ಲೇಸ್ ಎಂಬ ತಂಗುಮನೆ ನಡೆಸಿದ್ದಾರೆ. ತಂಗುಮನೆಗಳಲ್ಲಿ ಒಂದು ಪೆಟ್ಟಿಗೆ ಇರುತ್ತದೆ. ಬೇಡವಾದ ಅಕ್ಕಿ, ಓಟ್ಸ್, ಬ್ಯಾಂಡೇಜು, ಹಗ್ಗ ಅದರಲ್ಲಿ ಹಾಕುವುದು, ಬೇಕಾದವರು ಕೇಳದೆ ತೆಗೆದುಕೊಳ್ಳುವುದು.

ನಡೆಯುವವರಿಗೆ ಇಲ್ಲಿ ಸ್ವಂತ ಹೆಸರಿಲ್ಲ. ದಾರಿಯಲ್ಲಿ ಜೊತೆಯಾದವರು ಇಟ್ಟ ಹೆಸರೇ ಹೆಸರು. ವಕೀಲ, ಬಡಗಿ, ಸೈನ್ಯದಿಂದ ಬಂದವ, ಗಂಡ ತೀರಿಕೊಂಡ ನಿವೃತ್ತ ಶಿಕ್ಷಕಿ, ಎಲ್ಲರೂ ಆ ಹೊಸ ಹೆಸರಿನಲ್ಲೇ ತಿಂಗಳುಗಟ್ಟಲೆ ಬದುಕುತ್ತಾರೆ. ಮನೆಯ ಹೆಸರು ಕೇಳುವುದು ಅಲ್ಲಿ ರೂಢಿಯಲ್ಲ, ಕೆಲಸ ಕೇಳುವುದೂ ಅಪರೂಪ. ನಾವು ಮಾತಾಡಿಸಿದವರಲ್ಲಿ ಬಹಳ ಜನ ಯಾವುದೋ ಒಂದನ್ನು ಕಳೆದುಕೊಂಡು ಹೊರಟವರಾಗಿದ್ದರು.

ಇದು ಈ ದಾರಿಗೆ ಹೊಸದಲ್ಲ. ಒಂದೇ ಉಸುರಿಗೆ ಪೂರ್ತಿ ನಡೆದೆನೆಂದು ವರದಿ ಮಾಡಿದ ಮೊದಲಿಗ ಅರ್ಲ್ ಶಾಫರ್. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಲ್ಲಿ ದುಡಿದ ಸೈನಿಕ. ಜೊತೆಯಾಗಿ ಬೆಟ್ಟ ಸುತ್ತುತ್ತಿದ್ದ ಗೆಳೆಯ ಇವೊ ಜಿಮಾದಲ್ಲಿ ಸತ್ತ. ಯುದ್ಧದ ಭಾರವನ್ನು ನಡೆದು ಇಳಿಸಬೇಕೆಂದು ಶಾಫರ್ 1948ರ ವಸಂತದಲ್ಲಿ ಜಾರ್ಜಿಯಾದಿಂದ ಹೊರಟು ಆಗಸ್ಟಿನಲ್ಲಿ ಕಟಾಡಿನ್ ಏರಿದ. ಟ್ರೇಲ್‌ನ ಸಂಸ್ಥೆಯವರೇ ಮೊದಲು ನಂಬಲಿಲ್ಲ. 50 ವರ್ಷದ ಬಳಿಕ, 79ನೇ ವಯಸ್ಸಿನಲ್ಲಿ ಆತ ಮತ್ತೆ ಇಡೀ ದಾರಿ ನಡೆದ.

ನನ್ನ ಗೌರವ ಅವನಿಗಿಂತ ಒಂದು ಗುಲಗಂಜಿ ಹೆಚ್ಚು ಸಲ್ಲುವುದು ಎಮ್ಮಾ ಗೇಟ್‌ವುಡ್ ಅಜ್ಜಿಗೆ. ಒಹಾಯೊದ ರೈತ ಹೆಂಗಸು, 11 ಮಕ್ಕಳ ತಾಯಿ, ವರ್ಷಗಟ್ಟಲೆ ಗಂಡನ ಹೊಡೆತ ತಿಂದು ಬದುಕುಳಿದವಳು. 1955ರಲ್ಲಿ, 67ನೇ ವಯಸ್ಸಿನಲ್ಲಿ, ಮಕ್ಕಳಿಗೆ ಸರಿಯಾಗಿ ಹೇಳದೆ ಹೊರಟು ಒಬ್ಬಳೇ ಪೂರ್ತಿ ನಡೆದಳು. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ತಾನೇ ಹೊಲಿದ ಬಟ್ಟೆಯ ಚೀಲ, ಮಳೆಗೆ ಬಚ್ಚಲಮನೆಯ ಪ್ಲಾಸ್ಟಿಕ್ ಪರದೆ. ಟೆಂಟಿಲ್ಲ, ಮಲಗುವ ಚೀಲವಿಲ್ಲ. ದಾರಿಯ ಮನೆಗಳವರು ಕೊಟ್ಟದ್ದನ್ನು ಉಂಡಳು, ಮಲಗಲು ಜಾಗ ಸಿಗದಿದ್ದಾಗ ಎಲೆಯ ರಾಶಿಯಲ್ಲಿ ಮಲಗಿದಳು. ಆಮೇಲೂ ಎರಡು ಸಲ ಈ ದಾರಿ ಮುಗಿಸಿದಳು. ದಾರಿ ಎಷ್ಟು ಹಾಳಾಗಿದೆಯೆಂದು ಆಕೆ ಪತ್ರಿಕೆಗಳವರ ಮುಂದೆ ನೇರವಾಗಿ ಹೇಳಿದ್ದರಿಂದ ದೇಶದ ಕಣ್ಣು ಇತ್ತ ತಿರುಗಿತು. 1968ರಲ್ಲಿ ಕಾಯ್ದೆಯಾಗಿ ಅಪಲೇಚಿಯನ್ ಟ್ರೇಲ್‌ಗೆ ರಾಷ್ಟ್ರೀಯ ಮಾನ್ಯತೆ ಬಂತು. ಇಂದಿನ ಡೇರೆಗಳಲ್ಲಿ ಗ್ರಾಂ ಲೆಕ್ಕದಲ್ಲಿ ತೂಕ ಇಳಿಸಿ ನೂರಾರು ಡಾಲರಿಗೆ ಮಾರುವ ಟೆಂಟುಗಳನ್ನು ನೋಡುವಾಗ ಆ ಅಜ್ಜಿಯ ಚೀಲವನ್ನು ನೆನೆಯುವುದು ಒಳ್ಳೆಯದು.

ಶನಿವಾರ ಮಧ್ಯಾಹ್ನ ಮೆರವಣಿಗೆ. ಊರಿನ ಮಕ್ಕಳು, ಅವರ ಅಪ್ಪ ಅಮ್ಮಂದಿರು, ಅಜ್ಜಂದಿರು ರಸ್ತೆಯ ಎರಡೂ ಬದಿಗೆ ನೀರಿನ ಪಿಸ್ತೂಲು, ಬಕೆಟ್ಟು ಹಿಡಿದು ಸಜ್ಜಾಗಿದ್ದರು. ತಾವು ನಡೆದ ವರ್ಷದ ಬ್ಯಾನರ್ ಹಿಡಿದು, ವರ್ಷವಾರು ಗುಂಪುಗಳಲ್ಲಿ ಜನ ಬಂದರು. ಮುಂದೆ ಬಂದ ಹಳಬರ ಗುಂಪುಗಳು ಚಿಕ್ಕವು. ನಡುವೆ ಗುಂಪುಗಳು ದೊಡ್ಡವಾಗುತ್ತ ಹೋದವು. ಕೊನೆಗೆ ಆ ವರ್ಷದವರು, ಬೀದಿಯ ಅಂಚಿನಿಂದ ಅಂಚಿಗೆ. ಲಂಗ ತೊಟ್ಟ ಗಂಡಸರು, ತಲೆಗೆ ಎಲೆ ಕಟ್ಟಿಕೊಂಡವರು, ಊರುಗೋಲು ಎತ್ತಿ ಕುಣಿಯುವವರು. ಮಕ್ಕಳು ನೀರೆರಚಿದರು, ಅವರು ತಿರುಗಿ ಎರಚಿದರು. ಒಬ್ಬ ಅಜ್ಜ ತನ್ನ ಜಗಲಿಯಲ್ಲಿ ಗಾರ್ಡನ್ ಪೈಪು ಹಿಡಿದು ಕೂತಿದ್ದ. ದಣಿದು ಕೆಂಪಾದ ಮುಖಗಳು ಅವನ ಮುಂದೆ ತಾವಾಗಿ ಬಂದು ತಲೆಬಾಗಿ ನಿಂತವು. ತಮ್ಮನೂ ನಾನೂ ತೊಯ್ದು ತೊಪ್ಪೆಯಾದೆವು.

2013ರ ಮೆರವಣಿಗೆಯಲ್ಲಿ, ಕಾರು ಓಡಿಸುತ್ತಿದ್ದ ವೃದ್ಧರೊಬ್ಬರಿಗೆ ಆರೋಗ್ಯ ಕೆಟ್ಟು ಕಾರು ಜನರ ಮೇಲೆ ನುಗ್ಗಿತ್ತು. ಸುಮಾರು 50 ಜನಕ್ಕೆ ಗಾಯ. ಸುತ್ತಲಿದ್ದವರೇ ಕಾರನ್ನು ಕೈಯಿಂದ ಎತ್ತಿ ಅಡಿಯಲ್ಲಿ ಸಿಕ್ಕಿದವರನ್ನು ಹೊರಗೆಳೆದರು. ಯಾರ ಪ್ರಾಣವೂ ಹೋಗಲಿಲ್ಲ. ಮರುವರ್ಷವೂ ಇದೇ ಬೀದಿಯಲ್ಲಿ ಮೆರವಣಿಗೆ ನಡೆಯಿತು.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 2024ರ ಸೆಪ್ಟೆಂಬರ್ 27ರಂದು. ಹೆಲೀನ್ ಚಂಡಮಾರುತದ ಮಳೆಗೆ ಲಾರೆಲ್ ಹಳ್ಳ ಉಕ್ಕಿ ಊರೊಳಗೆ ನುಗ್ಗಿತು. ಮನೆಗಳು ಕೊಚ್ಚಿಹೋದವು, ಅಂಗಡಿಗಳಲ್ಲಿ ಕೆಸರು ತುಂಬಿತು. ಡಮಾಸ್ಕಸ್‌ನಿಂದ ಮೇಲಕ್ಕೆ ವೈಟ್‌ಟಾಪ್ ಕಡೆಗಿನ ಕ್ರೀಪರ್ ಟ್ರೇಲ್, ಅದರ ಮರದ ಸೇತುವೆಗಳ ಸಮೇತ ನಾಶವಾಯಿತು. ಬೆಟ್ಟದ ಮೇಲಿನಿಂದ ಸೈಕಲ್‌ನಲ್ಲಿ ಜಾರಿ ಬರುವ ಜನರಿಂದಲೇ ಊರಿನ ಎಷ್ಟೋ ಅಂಗಡಿಗಳು ಬದುಕುತ್ತಿದ್ದವು. ದಕ್ಷಿಣಕ್ಕೆ ಟೆನ್ನೆಸ್ಸೀಯ ಅರ್ವಿನ್ ಬಳಿ ನೋಲಿಚಕಿ ನದಿಯ ಸೇತುವೆ ಹೋಗಿ, 2025ರ ನಡಿಗೆಯವರನ್ನು ದೋಣಿಯಲ್ಲಿ ದಾಟಿಸಬೇಕಾಯಿತು.

ನಾವು ಕಂಡದ್ದು ಆ ಪ್ರವಾಹದ ನಂತರದ ಮೊದಲ ಹಬ್ಬ. ಹಳ್ಳದ ದಂಡೆಯಲ್ಲಿ ಬೇರುಸಮೇತ ಬಿದ್ದ ಮರಗಳು, ಹೊಸದಾಗಿ ಸುರಿದ ಕಲ್ಲು, ಖಾಲಿ ನಿವೇಶನಗಳು ಇನ್ನೂ ಎದ್ದು ಕಾಣುತ್ತಿದ್ದವು. ನೀರು ಇಳಿದ ದಿನಗಳಲ್ಲಿ ಹಳೆಯ ನಡಿಗೆಯವರು ದೂರದೂರದಿಂದ ಸಲಿಕೆ, ಗರಗಸ ಹಿಡಿದು ಬಂದು ಮನೆಮನೆಯ ಕೆಸರೆತ್ತಿದ್ದನ್ನು ಕಾಫಿ ಅಂಗಡಿಯಾಕೆ ಹೇಳಿದರು. ಯಾವ ವರ್ಷದವರು ಯಾರ ಮನೆ ತೊಳೆದರೆಂದು ಬೆರಳು ಮಡಿಸಿ ಹೇಳಿದರು. ಹಬ್ಬಕ್ಕೆ ಬಂದು ಉಂಡುಹೋಗುವ ನಂಟಲ್ಲ ಇದು ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ದಾರಿ ಮುರಿಯುವುದು, ಜನ ಕೂಡಿ ಜೋಡಿಸುವುದು ಇದರ ಚರಿತ್ರೆಯಲ್ಲೇ ಇದೆ. ಬೆಂಟನ್ ಮೆಕೈ ಎಂಬ ಅರಣ್ಯತಜ್ಞ 1921ರಲ್ಲಿ ವಾಸ್ತುಶಿಲ್ಪಿಗಳ ಪತ್ರಿಕೆಯೊಂದರಲ್ಲಿ ಈ ದಾರಿಯ ಕನಸನ್ನು ಬರೆದ. ನಗರದ ದುಡಿಮೆಯಲ್ಲಿ ಸವೆದ ಜನಕ್ಕೆ ಬೆಟ್ಟದಲ್ಲಿ ಉಸಿರಾಡಲು ಜಾಗ ಬೇಕು ಎಂಬುದು ಅವನ ವಾದ. ಕನಸನ್ನು ನೆಲಕ್ಕಿಳಿಸಿದವರು ಮೈರನ್ ಏವರಿ ಮತ್ತು ಅವನೊಂದಿಗೆ ವಾರಾಂತ್ಯಗಳಲ್ಲಿ ಕೊಡಲಿ ಹಿಡಿದ ಸಾಮಾನ್ಯರು. 1937ರಲ್ಲಿ ಮುಗಿದ ದಾರಿಯನ್ನು ಮರುವರ್ಷವೇ ಚಂಡಮಾರುತ ನ್ಯೂ ಇಂಗ್ಲೆಂಡಿನಲ್ಲಿ ಕೆಡಿಸಿತು. ಯುದ್ಧ ಬಂತು, ಹೊಸ ಹೆದ್ದಾರಿಗಳು ಬಂದವು. ಮತ್ತೆ ಅಖಂಡವಾಗಿ ಕೂಡಿಕೊಂಡದ್ದು 1951ರಲ್ಲಿ. ಇಂದಿಗೂ ಬಿದ್ದ ಮರ ಎತ್ತುವುದು, ಬಿಳಿ ಪಟ್ಟಿ ಬಳಿಯುವುದು, ನೀರು ಹರಿಯಲು ಕಾಲುವೆ ಬಿಡಿಸುವುದೆಲ್ಲ ಬಹುಪಾಲು 30 ಕ್ಲಬ್ಬುಗಳ ಸಂಬಳವಿಲ್ಲದ ಕೈಗಳ ಕೆಲಸ.

ಈ ಹಬ್ಬದಲ್ಲಿ ಎಲ್ಲವೂ ಸರಿಯಿದೆ ಎಂದು ಹೇಳಲಾರೆ. ಆರು ತಿಂಗಳು ದುಡಿಮೆ ಬಿಟ್ಟು ನಡೆಯಲು ಎಲ್ಲರಿಗೂ ಆಗುವುದಿಲ್ಲ. ನಮ್ಮ ಕಣ್ಣಿಗೆ ಬಿದ್ದವರಲ್ಲಿ ಬಿಳಿಯರೇ ಬಹಳ, ಕಪ್ಪು ಜನ ಕಡಿಮೆ, ನಮ್ಮವರಂತೂ ಬೆರಳೆಣಿಕೆ. ಟೆಂಟುಗಳ ಬಯಲಿನಲ್ಲಿ ರಾತ್ರಿ ಡೋಲು, ಬೆಂಕಿ, ಕುಡಿತ ಜೋರಿರುತ್ತದೆ. ನಿದ್ದೆ ಬೇಕಾದವರು ಹತ್ತಿರದ ಅಬಿಂಗ್ಡನ್ ಪಟ್ಟಣದಲ್ಲಿ ಕೋಣೆ ಹಿಡಿಯುವುದು ಲೇಸು.

ಆದರೂ ಈ ಊರಿನಿಂದ ನಮ್ಮ ಚಾರಣಕ್ಕೆ ಕಲಿಯುವುದಿದೆ. ನಮ್ಮ ಕುಮಾರ ಪರ್ವತದಲ್ಲಿ 2024ರ ಜನವರಿಯ ಒಂದು ವಾರಾಂತ್ಯ ಸಾವಿರಾರು ಜನ ಮುಗಿಬಿದ್ದದ್ದು, ಅರಣ್ಯ ಇಲಾಖೆ ಚಾರಣವನ್ನೇ ನಿಲ್ಲಿಸಿ ಆನ್‌ಲೈನ್ ಬುಕಿಂಗ್ ತಂದದ್ದು ಓದುಗರಿಗೆ ನೆನಪಿರಬಹುದು. ಚಾರಣಿಗರ ಸಂಖ್ಯೆಗೆ ಮಿತಿ ಬೇಕೇ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಶುಲ್ಕ ಕಟ್ಟಿ, ಬೆಟ್ಟ ಹತ್ತಿ, ಫೋಟೊ ತೆಗೆದು, ಅದೇ ರಾತ್ರಿ ಬೆಂಗಳೂರಿನ ಬಸ್ಸು ಹಿಡಿಯುವವನಿಗೂ ಬೆಟ್ಟದ ಬುಡದ ಊರಿಗೂ ಯಾವ ಸಂಬಂಧವೂ ಬೆಳೆಯುವುದಿಲ್ಲ. ಆ ಊರಿನಲ್ಲಿ ಒಂದು ರಾತ್ರಿ ತಂಗಿ, ಅಲ್ಲಿನವರ ಕೈಯಡುಗೆ ಉಂಡು, ಮಳೆಗಾಲ ಮುಗಿದ ಮೇಲೆ ಅವರೊಂದಿಗೆ ದಾರಿ ಸವರಲು ಒಂದು ಭಾನುವಾರ ಕೊಡುವ ಏರ್ಪಾಡನ್ನು ನಮ್ಮ ಚಾರಣ ಸಂಘಗಳು, ಇಲಾಖೆ ಮತ್ತು ಪಂಚಾಯಿತಿ ಕೂಡಿ ಮಾಡಬಹುದು. ಶ್ರೀಶೈಲದ ಹಾದಿಯ ಜನರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಅಮೆರಿಕದ ಪೂರ್ವ ಭಾಗದಲ್ಲಿ ಮಕ್ಕಳು, ನಂಟರು ಇರುವ ಕನ್ನಡಿಗರು ಮೇ ತಿಂಗಳಲ್ಲಿ ಅಲ್ಲಿದ್ದರೆ ಡಮಾಸ್ಕಸ್‌ಗೆ ಹೋಗಿಬನ್ನಿ. ಹಬ್ಬ ಶುಕ್ರವಾರದಿಂದ ಭಾನುವಾರದವರೆಗೆ, ನೋಡಲು ಟಿಕೆಟ್ಟಿಲ್ಲ. ಮಳೆ ಯಾವಾಗ ಬೇಕಾದರೂ ಬರುತ್ತದೆ, ಮೆರವಣಿಗೆಯಲ್ಲಂತೂ ಒದ್ದೆಯಾಗುವುದು ಖಚಿತ, ಇನ್ನೊಂದು ಜೊತೆ ಬಟ್ಟೆ ಇರಲಿ. ಊಟ, ಕಾಫಿ, ಸಾಮಾನು ಊರಿನ ಅಂಗಡಿಗಳಲ್ಲೇ ಕೊಳ್ಳಿ. ಪ್ರವಾಹದಿಂದ ಎದ್ದು ನಿಲ್ಲುತ್ತಿರುವ ಅವರಿಗೆ ಆ ಹಣ ಬೇಕು.